ಎತ್ತಿ ತಳ್ಳುವ ಬಾಗಿಲು

ಪ್ರಿಯ ಗುಂಡ,

ಮೊನ್ನೆಯ ಪ್ರವಾಸಕ್ಕೆ ತಗುಲಿದ್ದು ಇಷ್ಟು: ನನ್ನ ಕನ್ನಡಕದ ಒಂದು ಕಾಲು, ಡ್ರೈವರನ ಸೊಂಟ, ಮೇಷ್ಟ್ರ ಮರ್ಯಾದೆ.

ನೀನು, ನಾನು, ಮೇಷ್ಟ್ರು, ಡ್ರೈವರ್ ನಾಲ್ವರೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಬೀದಿಯಲ್ಲಿ ಈಗ ಎಸ್ಕೇಪ್ ರೂಮ್ ಎಂಬ ಆಟವಿದೆ. ದುಡ್ಡು ಕೊಟ್ಟರೆ ಒಳಗೆ ಹಾಕಿ ಬೀಗ ಜಡಿಯುತ್ತಾರೆ. ಸುಳಿವು ಹುಡುಕಿ ಹೊರಬರಬೇಕು. ಆಗ ದುಡ್ಡು ಕೊಡದಿದ್ದರೆ ಹೊರಗೆ ಹಾಕಿ ಜಡಿಯುತ್ತಿದ್ದರು, ನೆನಪಿದೆಯಾ?

ನಾವು ಮೂವರೂ ಒಳಹೊಕ್ಕೆವು. ಹೇಗೋ ಬೀಗ ತೆರೆಯಿತು, ಬಾಗಿಲು ಮಾತ್ರ ಅಲ್ಲಾಡಲಿಲ್ಲ. ಥೇಟ್ ನಮ್ಮ ಹಳೇ ಬಾಗಿಲು. ಒಬ್ಬ ಎತ್ತಬೇಕು, ಒಬ್ಬ ತಳ್ಳಬೇಕು. ಮೇಷ್ಟ್ರು ಭುಜ ಕೊಟ್ಟು ನಿಂತು, ಹಿಂದೆ ನೋಡದೆ, "ಗುಂಡಾ, ನೀನು ಎತ್ತೋ, ನಾನು ತಳ್ತೀನಿ" ಎಂದರು. ನಿನ್ನ ಮಗಳ ಮದುವೆಗೆ ಕರೆಯಲಿಲ್ಲವೆಂದು ಇಷ್ಟು ವರ್ಷ ನಿನ್ನ ಜೊತೆ ಮಾತು ಬಿಟ್ಟ ಮನುಷ್ಯ.

"ಗುಂಡ ಎಲ್ಲಿದ್ದಾನೆ ಮೇಷ್ಟ್ರೇ?" ಎಂದ ಡ್ರೈವರ್.

"ಬಾಯಿ ತಪ್ಪಿ ಬಂತು" ಎಂದು ಅವರು ಗೋಡೆ ನೋಡಿದರು. ಭುಜ ಮಾತ್ರ ತೆಗೆಯಲಿಲ್ಲ.

ಹೊತ್ತು ಮೀರಿದ ಮೇಲೆ ಆಟದ ಹುಡುಗಿ ಬಂದು, "ಸಾರ್, ಇದು ಒಳಗಡೆ ಎಳ್ಕೊಳ್ಳೋ ಬಾಗಿಲು" ಎಂದಳು.

ಬರುವ ತಿಂಗಳು ಮತ್ತೆ ಹೋಗುತ್ತೇವೆ, ಬಾ. ಮೇಷ್ಟ್ರು ಬಾಯಿಬಿಟ್ಟು ಕರೆಯುವವರಲ್ಲ. "ಅವನ ಸೈಜಿಗೆ ಅಲ್ಲಿ ಕುರ್ಚಿ ಇದೆಯಾ ಕೇಳು" ಎಂದರು. ಅದನ್ನೇ ಕರೆ ಎಂದು ಜಮಾ ಮಾಡಿಕೋ.

ಹುಡುಗಿಗೆ ಒಂದು ನಗು ಸಿಕ್ಕಿತು. ಡ್ರೈವರನಿಗೆ ಊರೆಲ್ಲ ಹೇಳಲು ಕಥೆ ಸಿಕ್ಕಿತು. ಮೇಷ್ಟ್ರಿಗೆ ನಿನ್ನ ಹೆಸರು ಸಿಕ್ಕಿತು. ನನ್ನ ಪಾಲಿನದು ನೀನು ಬಂದ ಮೇಲೆ.

ಇಂತಿ,
ಕಿಟಕಿ ಪಕ್ಕದ ಚಾಪೆಯವನು