ಉಳಿದ ಒಂದು ಕಿಡ್ನಿ

ಲಕ್ಷ್ಮೇಶ್ವರ, 11 ನವೆಂಬರ್ 2025, ಮಂಗಳವಾರ

ತಮ್ಮ ವೀರೇಶನಿಗೆ ನಮ್ಮ ಯಜಮಾನರೇ ಹೇಳಿಬಿಟ್ಟಿದ್ದಾರೆ. ನಾನು ಹೇಳಬೇಕಿತ್ತು.

ಅವನಿಗೆ ಕಿಡ್ನಿ ಕೊಟ್ಟು ಹನ್ನೊಂದು ವರ್ಷವಾಯಿತು. ನನ್ನಲ್ಲಿ ಉಳಿದ ಒಂದರಿಂದ ಮೂತ್ರ ಇಳಿದು ಬರುವ ನಾಳದಲ್ಲಿ ಗಡ್ಡೆಯಾಗಿತ್ತು. ಕ್ಯಾನ್ಸರೇ. ಆದರೆ ಸಣ್ಣದು, ಒಂದೇ ಒಂದು, ಬೇಗ ಹರಡುವಂಥದ್ದಲ್ಲ. ಎರಡೂ ಕಿಡ್ನಿ ಇದ್ದವರಿಗೂ ಇಂಥದ್ದಕ್ಕೆ ಈಗ ಕಿಡ್ನಿ ತೆಗೆಯಲು ಅವಸರ ಮಾಡುವುದಿಲ್ಲವಂತೆ. ಹೋದ ವಾರ ಹುಬ್ಬಳ್ಳಿಯ ಡಾಕ್ಟರು ಮೂತ್ರದ ದಾರಿಯಿಂದಲೇ ಸಪೂರ ಕೊಳವೆ ಹಾಕಿ ಲೇಸರಿನಿಂದ ಸುಟ್ಟರು. ಎಲ್ಲೂ ಕೊಯ್ಯಲಿಲ್ಲ.

ಮಧ್ಯಾಹ್ನ ವೀರೇಶ ಗದಗಿನಿಂದ ಬಂದವನು ಬಾಗಿಲಲ್ಲೇ ನಿಂತ.

"ಅಕ್ಕಾ, ನನಗ್ಯಾಕ ಹೇಳಲಿಲ್ಲ?"

"ಕಿಡ್ನಿ ಉಳದೈತಿ. ಮೂರು ತಿಂಗಳಿಗೆ ಮತ್ತ ಒಳಗ ಕೊಳವಿ ಹಾಕಿ ನೋಡ್ತಾರ, ಅಷ್ಟ."

"ತಿರುಗಿ ಬಂದಿದ್ರ?"

"ಮತ್ತ ಸುಡ್ತಾರ. ಒಳಗ ಬಾ, ಕುಂಡ್ರು."

ಕುಳಿತ. ಕಿಬ್ಬೊಟ್ಟೆಯ ಬಲಗಡೆ, ನನ್ನದನ್ನು ಕೂಡಿಸಿದ ಜಾಗದ ಮೇಲೆ ಕೈ ಇಟ್ಟುಕೊಂಡಿದ್ದ. ಅದು ಅವನಿಗೆ ಗೊತ್ತಿದ್ದಂತಿರಲಿಲ್ಲ.

"ಖರೆ ಹೇಳಕ್ಕಾ, ಕೊಟ್ಟಿದ್ದ ತಪ್ಪಾತು ಅನ್ನಿಸ್ತೇನು?"

"ಅನ್ನಿಸ್ತು. ಮೂತ್ರದಾಗ ರಕ್ತ ಕಂಡ ದಿನ, ಒಂದು ತಾಸು."

ಅವನು ಅಳಲಿಲ್ಲ. "ಒಂದ ತಾಸಂದ್ರ ಪರವಾಗಿಲ್ಲ ಬಿಡು" ಎಂದು ನಕ್ಕ. ಚಹಾ ಕುಡಿದು ನಾಲ್ಕರ ಬಸ್ಸಿಗೆ ಹೋದ.

ಒಂದು ತಾಸಲ್ಲ. ರಿಪೋರ್ಟು ಕೈಗೆ ಬರುವವರೆಗೆ, ಒಂಬತ್ತು ದಿನ. ಈಗ ಹಾಗೆ ಅನ್ನಿಸುವುದಿಲ್ಲ, ಅದೂ ನಿಜ. ಆದರೆ ಆ ಒಂಬತ್ತೂ ದಿನ ಅವನು ಏನೂ ತಿಳಿಯದೆ ಎಂದಿನಂತೆ ಫೋನು ಮಾಡಿ, ಊಟ ಆತೇನಕ್ಕಾ ಎಂದು ಕೇಳುತ್ತಿದ್ದ. ಆತು ಎನ್ನುತ್ತಿದ್ದೆ. ಅವನ ದನಿ ಕೇಳಿದರೆ ಸಿಟ್ಟು ಬರುತ್ತಿತ್ತು.