ಗೀಟೆಳೆದ ‘ಡಾ.’

ಅಪ್ಪಾ,

ನೀನು ಹೋಗಿ ತಿಂಗಳಾಯಿತು. ಇವತ್ತು ನಮ್ಮ ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರುಗಳ ಫಲಕದಲ್ಲಿ ನಿನ್ನ ಹೆಸರು ಬರೆಯಲು ಪೇಂಟರ್ ಬಂದ. “ಹೆಸ್ರಿನ ಮುಂದೆ ಡಾಕ್ಟರ್ ಅಂತ ಹಾಕ್ಲಾ, ಮೇಡಂ?” ಎಂದ.

ನಲವತ್ತು ವರ್ಷ ಸೊಂಟಮಟ್ಟ ನೀರಿನಲ್ಲಿ ನಿಂತು ದೀಕ್ಷಾಸ್ನಾನ ಕೊಟ್ಟ ನಿನಗೆ ಬೈಬಲ್ ಕಾಲೇಜು ಗೌರವ ಡಾಕ್ಟರೇಟ್ ಕೊಟ್ಟ ದಿನ, ಆರು ವರ್ಷ ಓದಿ ಅದೇ ಪದವಿ ಪಡೆದ ನಾನು ಎಲ್ಲರೆದುರು, “ಅಂಚೇಲಿ ತರಿಸ್ಕೊಂಡ್ಯಾ ಅಪ್ಪಾ?” ಎಂದಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ.

ಪದವಿಪತ್ರ ಹುಡುಕಲು ನಿನ್ನ ಮೇಜಿನ ಖಾನೆ ತೆರೆದೆ. ಆಗ ಸಭೆಯವರು ನಿನ್ನ ಹೆಸರಲ್ಲಿ ಅಚ್ಚು ಹಾಕಿಸಿಕೊಟ್ಟ ಲೆಟರ್‌ಹೆಡ್ಡಿನ ಕಟ್ಟು ಸಿಕ್ಕಿತು. ಒಂದೊಂದು ಹಾಳೆಯಲ್ಲೂ ‘ಡಾ.’ ಮೇಲೆ ನೀನು ಸ್ಕೇಲಿಟ್ಟು ಪೆನ್ನಿನಲ್ಲಿ ಗೀಟು ಎಳೆದಿದ್ದೀಯ.

“ಹಾಕಿ, ದೊಡ್ಡದಾಗೇ ಹಾಕಿ” ಎಂದು ಪೇಂಟರಿಗೆ ಹೇಳಿದೆ.

ಈ ಪತ್ರಕ್ಕೂ ಅದೇ ಹಾಳೆ. ಗೀಟು ಅಳಿಸಲು ಉಜ್ಜಿ ಉಜ್ಜಿ ಎರಡು ಹರಿದುಹೋದವು. ಇದು ಮೂರನೆಯದು.