ಒಡಪಿನಲ್ಲಿ ಬಂದ ಹೆಸರು

ವಿಜಯಪುರ
22-4-2025

ಚಿ. ಅನುಜಾಳಿಗೆ ಅಮ್ಮನ ಆಶೀರ್ವಾದ.

ನೀನು ಕಾಗದ ಬರೆದದ್ದು ಯುಗಾದಿಗೆ ಮೊದಲು, ನಾನು ಉತ್ತರಕ್ಕೆ ಕೂತದ್ದು ಈಗ. ಸಿಟ್ಟಾಗಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮಪ್ಪ ಎದುರಿಗೆ ಪೇಪರ್ ಹಿಡಿದು ಕೂತಿರುತ್ತಾರೆ. ನನ್ನ ಬಾಯಿಂದ ಹೂಂ, ಉಹೂಂ ಬಿಟ್ಟು ಬೇರೇನೂ ಹೊರಡುವುದಿಲ್ಲ. ಅದಕ್ಕೇ ರೇಡಿಯೊ ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಧಾರವಾಡದ ಹೊಸ ಮನೆಯಲ್ಲಿ ನೀರು ಸರಿಯಾಗಿ ಬರುತ್ತಿದೆಯೇ?

ಹೌದು, ನೀನು ಬಿಟ್ಟುಹೋದ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಜನರ ನೆನಪು, ಕಥೆ, ಕವಿತೆ ಓದುವ ಆ ಮಧ್ಯಾಹ್ನದ ಕಾರ್ಯಕ್ರಮ ನಿಂತೇ ಹೋಗುವುದರಲ್ಲಿತ್ತು. ರೆಕಾರ್ಡಿಂಗ್ ನೋಡಿಕೊಳ್ಳುವ ಸುಭಾಷ ಮನೆಗೇ ಬಂದು "ಬಾಯಾರ, ನೀವರ ಓದ್ರಿ" ಎಂದು ಗಂಟುಬಿದ್ದ. ಸೊಲ್ಲಾಪುರ ರಸ್ತೆ ಏನೂ ಬದಲಾಗಿಲ್ಲ. ಕೆಳಗಿನ ಅಂಗಡಿಯವರು ಲಾರಿ ಟೈರು ಬಡಿಯಲು ಶುರುಮಾಡಿದರೆ ಸುಭಾಷ ಈಗಲೂ ಕಿಟಕಿಯಿಂದ ಕೈಮುಗಿಯುತ್ತಾನೆ, ಅವರು ಪಾಪ ನಿಲ್ಲಿಸುತ್ತಾರೆ.

ಈಗ ಅಸಲಿ ಸುದ್ದಿ. ಘೋಣಸಗಿಯಿಂದ ಹೊಳೆವ್ವ ಎಂಬ ಅಜ್ಜಿ ಬರುತ್ತಾಳೆ. ಕುರಿ ಕಾದ ಕಾಲದ ನೆನಪುಗಳನ್ನು ಅವಳು ಹೇಳುತ್ತಾಳೆ, ಸುಭಾಷ ಬರೆದುಕೊಳ್ಳುತ್ತಾನೆ, ನಾನು ಓದುತ್ತೇನೆ. ಆ ನೆನಪಿನ ತುಂಬ ಅವಳ ಗಂಡ. ಆದರೆ ಒಂದು ಕಡೆಯೂ ಹೆಸರಿಲ್ಲ! "ನಮ್ಮವರು ಅಂದ್ರು, ನಮ್ಮವರು ಬಂದ್ರು" ಅಷ್ಟೇ. ತಿಕೋಟಾದಿಂದ ನಜಮಾ ಎಂಬ ಹುಡುಗಿ ಪ್ರತಿ ಸಲ ಫೋನ್ ಮಾಡಿ, "ಮೇಡಮ್, ಆ ಅಜ್ಜನ ಹೆಸರರ ಹೇಳ್ರಿ" ಎಂದು ಜೀವ ತಿನ್ನುತ್ತಾಳೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ನನಗೂ ತಡೆಯಲಾಗಲಿಲ್ಲ. "ಯಾವ ಅಕ್ಷರದಿಂದ ಶುರುವಾಗ್ತದ ಹೊಳೆವ್ವ?" ಎಂದು ಕೇಳಿದೆ. ಸೆರಗು ಬಾಯಿಗಿಟ್ಟು ನಕ್ಕಳು. "ಆಧಾರ ಕಾರ್ಡ್ ನೋಡಿದ್ರ ಮುಗೀತಲ್ರೀ" ಎಂದ ಸುಭಾಷ. ಅವನಿಗೆ ನಾಲ್ಕು ಮಾತು ಬೈದೆ. ಅವಳ ಬಾಯಿಂದ ಬಂದರೇ ಅದು ಹೆಸರು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಅವಳ ಗಂಡನಿಗೆ ವಯಸ್ಸಿನಲ್ಲಿದ್ದಾಗ ನಾಯಿ ಎಂದರೆ ಪ್ರಾಣಭಯವಂತೆ. ಹೊಸ ಊರಿನ ಸೀಮೆಯಲ್ಲಿ ನಾಯಿ ಬೊಗಳಿದರೆ ಇವಳು ಕೋಲು ಹಿಡಿದು ಮುಂದೆ, ಅವನು ಇವಳ ಸೆರಗಿನ ಹಿಂದೆ. ನಾನು ಅದನ್ನು ರಸವತ್ತಾಗಿ ಓದಿದೆ. ಮೊಬೈಲಿನಲ್ಲೂ ಬರುತ್ತದಲ್ಲ, ಘೋಣಸಗಿಯವರೆಲ್ಲ ಕೇಳಿದರು. ಹಿಟ್ಟಿನ ಗಿರಣಿ ಮುಂದೆ ಅಜ್ಜನನ್ನು ಕಂಡವರೆಲ್ಲ "ನಾಯಿ ಬಂತ್ ನೋಡಪಾ" ಎನ್ನತೊಡಗಿದರು. ಹುರಿ ಮಾಡಿದ ಮೀಸೆಯ ಮನುಷ್ಯ! ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ.

ಹೊಳೆವ್ವ ಬಂದು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. "ಉಣ್ಣಾಕ ಕುಂದರ್ತಾರ, ಉಣತಾರ, ಏಳ್ತಾರ. ನೀಡಂತನೂ ಅನ್ನಂಗಿಲ್ಲ, ಸಾಕಂತನೂ ಅನ್ನಂಗಿಲ್ಲರೀ ಬಾಯಾರ. ಬೈದಿದ್ರ ಚಲೋ ಇತ್ತು."

ಮುಂದಿನ ವಾರ ನಾನೇ ಕ್ಷಮೆ ಕೇಳಿ ಓದುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ನೀವ್ ಓದಬ್ಯಾಡ್ರಿ. ಊರ ಮುಂದ ನಗಿಸಿದಾಕಿ ನಾನು. ಊರ ಮುಂದನ ನಾ ಹೇಳ್ತೇನಿ."

ಹೋದ ಶುಕ್ರವಾರ ನೇರ ಪ್ರಸಾರ. ಏನು ಹೇಳುತ್ತಾಳೆಂದು ನಮಗಾರಿಗೂ ಗೊತ್ತಿಲ್ಲ. ಸುಭಾಷ ಕೆಳಗಿಳಿದು ಹೋಗಿ ಟೈರಿನವರ ಸುತ್ತಿಗೆಯನ್ನೇ ಇಸಿದುಕೊಂಡು ಬಂದ. ಹೊಳೆವ್ವ ಮೈಕಿನ ಮುಂದೆ ಹಿರಿಯರ ಮುಂದೆ ಕೂತಂತೆ ತಲೆ ಮೇಲೆ ಸೆರಗು ಹೊದ್ದುಕೊಂಡಳು. ಸುಭಾಷ ಗಾಜಿನಾಚೆಯಿಂದ ಶುರುಮಾಡು ಎಂದು ಕೈಸನ್ನೆ ಮಾಡಿದ. ಆಮೇಲೆ ಮದುಮಗಳ ಹಾಗೆ ನೆಲ ನೋಡುತ್ತ ಒಡಪು ಹಾಕಿದಳು:

"ಹಾಲಿಗೆ ಕೆನಿ ಚಂದ, ಹೊಲಕ್ಕ ತೆನಿ ಚಂದ,
ನಾ ಎಡವಿ ಬಿದ್ದೇನಂತ ಕಾಯ್ಕೊಂತ ಬಂದವರು ಹಿಂದ,
ಶಂಕರೆಪ್ಪನವರು ಮಾತಾಡಿದರ ನನ್ನ ಮನಿ ಚಂದ."

ಹಿಂದೆ ಅಡಗಿದವನನ್ನು ಹಿಂದೆ ನಿಂತು ಕಾಯ್ದವನನ್ನಾಗಿ ಮಾಡಿಬಿಟ್ಟಳು, ನೋಡು! ಮದುವೆಯಲ್ಲಿ ಹೊಸ್ತಿಲ ಮೇಲೆ ಹೀಗೇ ಒಡಪು ಹಾಕಿ ಹೇಳಿದ ಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಇದೇ ಮೊದಲಂತೆ. ಮುಂದಿನ ಕವಿತೆಯನ್ನು ನಾನು ತೊದಲುತ್ತಲೇ ಓದಿ ಮುಗಿಸಿದೆ. ನಜಮಾ ಫೋನ್ ಮಾಡಿ, ಮೂಗೆಳೆಯುತ್ತ, "ಅಜ್ಜನ ಹೆಸರು ಸಿಕ್ತ್ರಿ ಮೇಡಮ್" ಎಂದಳು.

ಮರುದಿನ ತಲೆಗೆ ಬಿಳಿ ಪಟಕಾ ಸುತ್ತಿಕೊಂಡ ಒಬ್ಬ ಮುದುಕ ಬಸ್ ಹಿಡಿದು ಆಫೀಸಿಗೇ ಬಂದ. ಹಿಂದೆ ಹೊಳೆವ್ವ. "ನನ್ನ ಹೆಸರು ಹೇಳ್ಯಾಳಲ್ಲ, ಅದನ್ನ ಇನ್ನೊಮ್ಮಿ ಹಚ್ರಿ" ಎಂದ. ಸುಭಾಷ ಹಚ್ಚಿದ. ಶಂಕರೆಪ್ಪ ಕಣ್ಣು ಮುಚ್ಚಿ ಕೇಳಿದ, ಮೀಸೆ ತೀಡಿದ, ಹೆಂಡತಿಯ ಕಡೆ ತಿರುಗಿ, "ನಾಯಿ ಎಮ್ಮಿ ಕರುವಿನಷ್ಟು ದೊಡ್ಡದಿತ್ತು. ಅದನ್ನ ಹೇಳಲೇ ಇಲ್ಲಲ್ಲ ಬೇ!" ಎಂದ. ಮಾತು ಬಿಟ್ಟ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಹೊಳೆವ್ವ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ, ಟೈರಿನ ಸದ್ದು ಮತ್ತೆ ಶುರುವಾಯಿತು. ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದನಿ ಸದಾ ತಣ್ಣಗಿರಲಿ ಮಗಳೇ.

ನಿನ್ನ ಅಮ್ಮ,
ಜಾನಕೀಬಾಯಿ

ತಾ.ಕ.: ಬರೆಯಬೇಕೆಂದು ಕೂತ ಮಾತು ಇನ್ನೂ ಉಳಿದೇ ಇದೆ. ಬಬಲೇಶ್ವರದಲ್ಲಿ ಶಾಲೆಗೆ ಹೋಗುತ್ತಿದ್ದಾಗ ಹಸಿವು ತಾಳದೆ, ಶ್ರಾದ್ಧದ ದಿನ ಕಾಗೆಗಿಟ್ಟ ಅನ್ನ ತಿಂದೆನೆಂದು ನಿಮ್ಮಪ್ಪ ತಮ್ಮ ನೆನಪಿನಲ್ಲಿ ಬರೆದಿದ್ದರು. ಆ ಭಾಗ ಬಿಡು ಎಂದಿದ್ದರು, ಅದೇ ಎಲ್ಲಕ್ಕಿಂತ ಚಂದವೆಂದು ನೀನು ರೇಡಿಯೊದಲ್ಲಿ ಓದಿಬಿಟ್ಟೆ. ಅಂದಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ನಿನ್ನ ಫೋನು ಬಂದರೆ "ಧಾರವಾಡದ್ದು" ಎನ್ನುತ್ತಾರೆ, ನನ್ನ ಕೈಗೆ ಕೊಡುತ್ತಾರೆ.

ಶುಕ್ರವಾರ ನಾನು ಮನೆಗೆ ಬಂದಾಗ ರೇಡಿಯೊ ಇನ್ನೂ ಹಚ್ಚಿಯೇ ಇತ್ತು. ಚಹಾ ಕೊಟ್ಟೆ. ಕಪ್ಪು ಕೆಳಗಿಟ್ಟು, ಗೋಡೆ ನೋಡುತ್ತ ಹೇಳಿದರು: "ಅಜ್ಜಿ ಛಂದ ಹೇಳಿದಳು. ಆಮ್ಯಾಲಿನ ಕವಿತಾ ಮಾತ್ರ, ನೀ ತೊದಲಿದಿ. ಅನುಜಾ ಇದ್ದಿದ್ದರ ಭಾಳ ಛಲೋ ಓದತಿದ್ದಳು."

ನಾನು ಕೇಳಿಸದವಳಂತೆ, "ಯಾರ್ರೀ?" ಎಂದೆ.

ಇನ್ನೊಮ್ಮೆ ಹೇಳಿದರು.